ನಲವತ್ತೆಂಟನೇ ನೆಲಬಾಂಬ್

ಹ್ಯೂಬರ್ಟ್ ಗ್ಯಾರಡ್ ನಮ್ಮ ಊರಿನ ಕಡಲತೀರದಲ್ಲಿ ನಲವತ್ತೆಂಟು ನೆಲಬಾಂಬ್‌ಗಳನ್ನು ಹೂತರು. 1940ರ ಜೂನ್ ತಿಂಗಳಲ್ಲಿ ಎರಡು ದಿನ ಹಿಡಿದ ಕೆಲಸ ಅದು. ಜರ್ಮನ್ನರು ಆಗ ಎದುರು ದಡದಲ್ಲಿದ್ದರು. ಅವರಿಗೂ ನಮ್ಮ ಹಾಲ್ವಿಕ್‌ಗೂ ನಡುವೆ ಇದ್ದದ್ದು ನೂರು ಮೈಲಿ ನೀರು. ಯುದ್ಧಕ್ಕೆ ಮೊದಲು ಗ್ಯಾರಡ್ ನಮ್ಮ ಸಫೊಕ್ ಜಿಲ್ಲೆಯ ಹೊಲಗಳನ್ನು ಅಳೆಯುತ್ತಿದ್ದ ಸರ್ವೆಯರ್. ಸೈನ್ಯದ ಎಂಜಿನಿಯರ್ ಪಡೆ ಅವರನ್ನು ಲೆಫ್ಟಿನೆಂಟ್ ಮಾಡಿ, ಅವರು ಈಜು ಕಲಿತ ತೀರಕ್ಕೇ ತಂದು ಹಾಕಿತ್ತು.

ಅವರು ಬರೆದ ನಕ್ಷೆಯನ್ನು ನಾನು ನೋಡಿದ್ದೇನೆ. ಒಂದೊಂದು ಬಾಂಬಿಗೆ ಒಂದು ಚುಕ್ಕೆ, ಪಕ್ಕದಲ್ಲಿ ನಂಬರು, ಅಡಿ ಮತ್ತು ಇಂಚುಗಳಲ್ಲಿ ದೂರ. ಅಳತೆಗಳೆಲ್ಲ ಒಂದೇ ಜಾಗದಿಂದ ಶುರುವಾಗುತ್ತವೆ: ಹದಿನಾಲ್ಕನೇ ನಂಬರಿನ ಗೂಡಿನ ಈಶಾನ್ಯ ಮೂಲೆ. ಕಡಲಿಗಿಳಿಯುವ ಮೊದಲು ಬಟ್ಟೆ ಬದಲಿಸಲು, ಎದ್ದು ಬಂದ ಮೇಲೆ ಚಹಾ ಕಾಯಿಸಲು ಊರಿನ ಮನೆತನಗಳು ತೀರದುದ್ದಕ್ಕೂ ಕಟ್ಟಿಸಿಕೊಂಡ ಮರದ ಗೂಡುಗಳವು. ತಂದೆಯಿಂದ ಮಕ್ಕಳಿಗೆ ಬರುತ್ತವೆ. ನಂಬರೂ ಬದಲಾಗುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಅರವತ್ತು ವರ್ಷಗಳಲ್ಲಿ ಒಂದು ಗೂಡೂ ಅಲ್ಲಾಡಿರಲಿಲ್ಲ. ಹೊರಗಿನಿಂದ ಬಂದ ಅಧಿಕಾರಿಯಾಗಿದ್ದರೆ ಅರ್ಧ ಮೈಲಿ ದೂರದ ಚರ್ಚಿನ ಗೋಪುರವನ್ನೇ ಗುರುತಾಗಿ ಇಟ್ಟುಕೊಳ್ಳುತ್ತಿದ್ದ. ಗ್ಯಾರಡ್ ಊರಿನವರು. ಗೋಪುರ ಎಷ್ಟು ಸ್ಥಿರವೋ ಹದಿನಾಲ್ಕನೇ ಗೂಡೂ ಅಷ್ಟೇ ಸ್ಥಿರ ಎಂದು ಅವರಿಗೆ ಗೊತ್ತಿತ್ತು.

ಆ ಗೂಡು ವಾಲ್ಟರ್ ಕ್ಯಾಟರ್‌ಮೋಲ್‌ನದು. ಊರಿನ ದೊಡ್ಡ ಹೋಟೆಲ್ಲಿನ ಯಜಮಾನ, ಮುಂದೆ ಕೌನ್ಸಿಲ್ಲಿನ ಅಧ್ಯಕ್ಷ, ಶಾಲೆಯಲ್ಲಿ ಗ್ಯಾರಡ್ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ನಕ್ಷೆ ಗುಟ್ಟಿನದು, ಅವನ ಗೂಡೇ ಅಳತೆಯ ಗುರುತು ಎಂದು ಗೆಳೆಯನಿಗೂ ಹೇಳುವಂತಿರಲಿಲ್ಲ. 1942ರ ಜನವರಿಯಲ್ಲಿ ಗ್ಯಾರಡ್ ಹಡಗು ಹತ್ತಿ ಭಾರತದ ಕಡೆ ಹೋದರು. ಮುಂದಿನ ತಿಂಗಳು ಬಿರುಗಾಳಿ ಎದ್ದಾಗ ಕ್ಯಾಟರ್‌ಮೋಲ್ ನಾಲ್ಕು ಆಳುಗಳನ್ನು ಕರೆದು ತನ್ನ ಗೂಡನ್ನು ಎತ್ತಿಸಿ, ಅಲೆ ತಾಗದ ಹಾಗೆ ಹಿಂದಕ್ಕೆ ಇಡಿಸಿದ. ತನ್ನ ಸ್ವತ್ತನ್ನು ಕಾಪಾಡಿಕೊಂಡ, ಅಷ್ಟೇ.

1944ರ ಏಪ್ರಿಲ್‌ನಲ್ಲಿ ತೀರ ತೆರವು ಮಾಡಲು ಒಂದು ತುಕಡಿ ಬಂತು. ನಕ್ಷೆ ತೋರಿಸಿದ ಜಾಗ ಅಗೆದರೆ ಏನೂ ಸಿಗಲಿಲ್ಲ. ನಕ್ಷೆ ಖಾಲಿ ಎಂದ ಜಾಗದಲ್ಲಿ ಆಲ್ಡಸ್ ಎಂಬ ಇಪ್ಪತ್ತರ ಸೈನಿಕ ಕಾಲಿಟ್ಟು ಸತ್ತ. ಉಳಿದವರು ನೀರಿನ ಕೊಳವೆ ಹಿಡಿದು ಉರುಟುಗಲ್ಲುಗಳನ್ನು ಸರಿಸಿ, ತಿಂಗಳುಗಟ್ಟಲೆ ಹುಡುಕಿ ನಲವತ್ತಾರನ್ನು ತೆಗೆದರು. ಆಲ್ಡಸ್‌ನನ್ನು ಕೊಂದದ್ದೂ ಸೇರಿ ನಲವತ್ತೇಳು. ಒಂದು ಸಿಗಲೇ ಇಲ್ಲ. ನಕ್ಷೆ ಬರೆದವನ ತಪ್ಪು ಎಂದು ವರದಿ ಹೋಯಿತು. ಆ ಸುದ್ದಿ ಗ್ಯಾರಡ್‌ಗೆ ಇಂಫಾಲದಲ್ಲಿ, ಹೆಂಡತಿ ವಿನಿಫ್ರೆಡ್‌ಳ ಕಾಗದದಲ್ಲಿ ಮುಟ್ಟಿತು.

1946ರ ಜನವರಿಯಲ್ಲಿ ಅವರು ಕ್ಯಾಪ್ಟನ್ ಆಗಿ, ಮಲೇರಿಯಾದಿಂದ ಹಳದಿಯಾದ ಮುಖ ಹೊತ್ತು ಮರಳಿದರು. ಮೂರನೆಯ ದಿನವೇ ನನ್ನನ್ನು ಕರೆದರು. ಕಣ್ಣಿನ ದೋಷದಿಂದ ಯುದ್ಧಕ್ಕೆ ಹೋಗದೆ ಉಳಿದಿದ್ದ ಶಾಲೆಯ ವಿಜ್ಞಾನದ ಮೇಷ್ಟ್ರು ನಾನು. ಟೇಪಿನ ಇನ್ನೊಂದು ತುದಿ ಹಿಡಿಯಲು ಅವರಿಗೆ ಒಬ್ಬರು ಬೇಕಿತ್ತು. ಊರಿನ ಹಳೆಯ ಸರ್ವೆ ನಕ್ಷೆ ನೋಡಿ, ಚರ್ಚಿನ ಗೋಪುರದಿಂದ ಕೋನ ಹಿಡಿದು ಹದಿನಾಲ್ಕನೇ ಗೂಡು ಮೊದಲು ಇದ್ದ ಜಾಗವನ್ನು ಗೊತ್ತುಮಾಡಿದೆವು. ಅಲ್ಲಿಂದ ಈಗಿರುವ ಜಾಗಕ್ಕೆ ಟೇಪು ಎಳೆದೆವು.

"ಎಷ್ಟು?"

"ಮೂವತ್ತೊಂದು ಅಡಿ ನಾಲ್ಕು ಇಂಚು."

"ಇನ್ನೊಂದ್ಸಲ ಹಿಡೀರಿ, ಮೇಷ್ಟ್ರೇ."

ಮೂರು ಸಲ ಹಿಡಿದೆವು. ಮೂರು ಸಲವೂ ಅಷ್ಟೇ.

"ಗೂಡು ತಾನಾಗೇ ನಡ್ಕೊಂಡು ಹೋಗಿರಲ್ಲ" ಅಂದೆ.

"ಇಲ್ಲ." ಅವರು ಮೂರೂ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗಿಟ್ಟರು. "ಇದನ್ನ ಯಾರ ಹತ್ರಾನೂ ಎತ್ಬೇಡಿ."

ಮೇ ತಿಂಗಳ ರಜೆಗೆ ತೀರ ತೆರೆಯಬೇಕೆಂದು ಕೌನ್ಸಿಲ್ ಸಭೆ ಸೇರಿತು. ಆರು ಬೇಸಿಗೆ ಮುಳ್ಳುತಂತಿಯ ಹಿಂದಿದ್ದ ಊರು ಅದು. ಕಡಲಿಗೆ ಬರುವವರಿಲ್ಲದೆ ಹಾಲ್ವಿಕ್‌ಗೆ ಬೇರೆ ಬದುಕಿಲ್ಲ. ತೀರದಲ್ಲಿ ಅಪಾಯವಿಲ್ಲ ಎಂಬ ಪತ್ರಕ್ಕೆ ಬಾಂಬ್ ತೆಗೆದ ಅಧಿಕಾರಿಯೂ ಹೂತ ಅಧಿಕಾರಿಯೂ ಸಹಿ ಹಾಕಬೇಕಿತ್ತು. ಮೊದಲನೆಯ ಸಹಿ ಬಿದ್ದಾಗಿತ್ತು.

"ನಲವತ್ತೇಳು ಸಿಕ್ಕಿದೆ" ಎಂದ ಕ್ಯಾಟರ್‌ಮೋಲ್. "ಒಂದು ಸಮುದ್ರಕ್ಕೆ ಹೋಗಿದೆ. ಮೀನಿಗೇನಾದ್ರೂ ಸಿಕ್ರೆ ಅದೇ ಬಂದು ಹೇಳುತ್ತೆ ಬಿಡು."

ಜನ ನಕ್ಕರು.

"ಹೋಗಿದ್ದನ್ನ ನೀನು ನೋಡಿದ್ಯಾ, ವಾಲ್ಟರ್?" ಎಂದು ಗ್ಯಾರಡ್ ಎದ್ದು ಕೇಳಿದರು.

"ಇಲ್ಲ. ಇರೋದನ್ನ ನೀನು ನೋಡಿದ್ಯಾ?"

"ಹೂತವನು ನಾನು."

"ಎಲ್ಲಿ ಹೂತೆ ಅಂತ ನಿನಗೇ ಗೊತ್ತಿರ್ಲಿಲ್ವಲ್ಲಪ್ಪ. ಬೇಕಾದ್ರೆ ಆ ಹುಡುಗನ ತಾಯಿನ ಕೇಳು."

ಯಾರೂ ನಗಲಿಲ್ಲ. ನಾನು ಗ್ಯಾರಡ್ ಅವರ ಕೋಟಿನ ಜೇಬನ್ನೇ ನೋಡುತ್ತಿದ್ದೆ. ಚೀಟಿ ಅಲ್ಲೇ ಇತ್ತು. ಅದನ್ನು ತೆಗೆಯಲು ಅವರು ಕೈಯನ್ನೂ ಎತ್ತಲಿಲ್ಲ.

"ನಾನು ಸಹಿ ಹಾಕಲ್ಲ" ಎಂದಷ್ಟೇ ಹೇಳಿ ಕೂತರು.

ಎರಡು ಬೇಸಿಗೆ ಹಾಗೇ ಹೋದವು. 1948ರಲ್ಲಿ ಕೌನ್ಸಿಲ್ ಮೇಲಿನವರಿಗೆ ಬರೆದು ಹೊಸ ಅಧಿಕಾರಿಯೊಬ್ಬನನ್ನು ಕರೆಸಿತು. ಅವನು ಒಂದು ವಾರ ಬಾಂಬ್ ಹುಡುಕುವ ಯಂತ್ರ ಆಡಿಸಿ ಒಬ್ಬನೇ ಸಹಿ ಹಾಕಿದ. ತಂತಿ ಬಿಚ್ಚಿದರು, ಜನ ಬಂದರು. ಗ್ಯಾರಡ್ ಹಗ್ಗ ತಂದರು.

ನಮ್ಮ ತೀರದಲ್ಲಿ ಕಲ್ಲುಗಳು ನಿಲ್ಲುವುದಿಲ್ಲ. ಅಲೆ ಅವುಗಳನ್ನೂ ಅವುಗಳ ನಡುವೆ ಹೂತದ್ದನ್ನೂ ದಕ್ಷಿಣಕ್ಕೆ ನೂಕುತ್ತದೆ. ಅದನ್ನು ತಡೆಯಲು ಮರದ ದಿಮ್ಮಿಗಳ ಅಲೆತಡೆಗಳನ್ನು ನೀರಿನೊಳಕ್ಕೆ ಸಾಲಾಗಿ ಹಾಕಿದ್ದಾರೆ. ಬಣ್ಣ ಹಚ್ಚಿದ ಕಲ್ಲುಗಳನ್ನು ಬಿಟ್ಟು, ಎರಡು ಚಳಿಗಾಲ ಅವು ಎಷ್ಟೆಷ್ಟು ಸರಿದವೆಂದು ಬರೆದಿಟ್ಟು, ನಲವತ್ತೆಂಟನೆಯದು ಏಳು ಮತ್ತು ಎಂಟನೇ ಅಲೆತಡೆಗಳ ನಡುವೆ ಇರಬೇಕೆಂದು ಗ್ಯಾರಡ್ ತೀರ್ಮಾನಿಸಿದ್ದರು. ನಾನೂ ಅದನ್ನು ಮತ್ತೆ ಮಾಡಿ ನೋಡಿದ್ದೆ; ತಪ್ಪು ಕಾಣಲಿಲ್ಲ. ಆ ನಲವತ್ತು ಗಜಕ್ಕೆ ಹಗ್ಗ ಕಟ್ಟಿ, ಬೇಸಿಗೆಯ ಹಗಲುಗಳಲ್ಲಿ ಅವರು ಅಲ್ಲಿ ನಿಂತರು. ಬಂದವರಿಗೆಲ್ಲ ಟೋಪಿ ತೆಗೆದು, "ದಯವಿಟ್ಟು ಆ ಕಡೆ ಹೋಗಿ, ಇಲ್ಲಿ ನಾನು ಹೂತ ಬಾಂಬ್ ಒಂದಿದೆ" ಎನ್ನುತ್ತಿದ್ದರು. ಆ ಮಾತು ಕೇಳಿದವರು ಆ ಕಡೆಗೂ ಹೋಗದೆ ಮುಂದಿನ ಊರಿನ ಬಸ್ಸು ಹತ್ತುತ್ತಿದ್ದರು.

ಊರು ಅವರಿಗೆ ನಲವತ್ತೆಂಟು ಎಂದೇ ಹೆಸರಿಟ್ಟಿತು. "ನಲವತ್ತೆಂಟು ಬಂದ್ರು, ಕಾಲು ಎತ್ತಿಡ್ರಪ್ಪೋ" ಎಂದು ಬಿಯರ್ ಅಂಗಡಿಯಲ್ಲಿ ಜಾಗ ಬಿಡುವ ನಾಟಕ ಮಾಡುತ್ತಿದ್ದರು. ವಿನಿಫ್ರೆಡ್ ಕಡಲ ಎದುರಿನ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು ಬದುಕು ನಡೆಸುತ್ತಿದ್ದಳು. ಯುದ್ಧದ ನಾಲ್ಕು ವರ್ಷ ಗಂಡನಿಗಾಗಿ ಕಾದವಳು. ಅವಳು ನನ್ನೆದುರಿಗೇ ಹೇಳಿದಳು:

"ಆರು ರೂಮು, ಆರೂ ಖಾಲಿ. ನೀನು ಬಾಂಬು ಕಾಯ್ತಿಲ್ಲ, ಹ್ಯೂಬರ್ಟ್. ನನ್ನ ಅನ್ನಕ್ಕೆ ಅಡ್ಡ ನಿಂತಿದೀಯ."

"ಒಬ್ಬ ಸತ್ತಿದಾನೆ, ವಿನಿ."

"ನಾವು ಮಾತ್ರ ಬದುಕಿದೀವಾ?"

1950ರಲ್ಲಿ ಅವಳು ಇಪ್ಸ್‌ವಿಚ್‌ನ ತಂಗಿಯ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಅದೇ ವರ್ಷ, ಹಗ್ಗ ತೆಗೆಸಬೇಕೆಂದು ಊರು ಬರೆದ ಮನವಿಗೆ ನಾನೂ ಸಹಿ ಹಾಕಿದೆ. ಕೌನ್ಸಿಲ್ಲಿನ ಶಾಲೆಯ ನೌಕರಿ ನನ್ನದು. ಮನವಿಯ ಪ್ರತಿ ಗ್ಯಾರಡ್ ಅವರ ಕೈಗೂ ಹೋಯಿತು. ಮರುದಿನ ದಾರಿಯಲ್ಲಿ ಸಿಕ್ಕಾಗ ಅವರು, "ನಿಮ್ಮ ಸಹಿ ಚೆನ್ನಾಗಿದೆ, ಮೇಷ್ಟ್ರೇ. ಓದೋಕೆ ಬರುತ್ತೆ. ಬನ್ನಿ, ಚಹಾ ಇದೆ" ಎಂದರು.

ಆ ಚಹಾದ ಮುಂದೆ ಕೂತು ನಾಚಿಕೆಯಿಂದಲೇ ಕೇಳಿದೆ: "ಆ ಚೀಟಿ ತೋರಿಸಿದ್ರೆ ಅವತ್ತೇ ಮುಗೀತಿತ್ತಲ್ಲ. ಗೂಡು ಎತ್ತಿಟ್ಟವನು ಕ್ಯಾಟರ್‌ಮೋಲ್. ಆ ಹುಡುಗ ಸತ್ತಿದ್ದು ಅದರಿಂದ. ಯಾಕೆ ಸುಮ್ನಿದ್ರಿ?"

ಅವರು ಎದ್ದು ತಗಡಿನ ಪೆಟ್ಟಿಗೆಯಿಂದ ಇನ್ನೊಂದು ನಕ್ಷೆ ತಂದು ಮೇಜಿನ ಮೇಲೆ ಹಾಸಿದರು. ಇನ್ನೂರ ಹನ್ನೆರಡು ಚುಕ್ಕೆಗಳು. ಬರ್ಮಾದಲ್ಲಿ, ಚಿಂದ್ವಿನ್ ನದಿಗೆ ಸೇರುವ ಒಂದು ಹೊಳೆಯ ದಡದ ತನ್‌ಬಿನ್ ಎಂಬ ಹಳ್ಳಿ. 1944ರ ಮಾರ್ಚ್‌ನಲ್ಲಿ ಜಪಾನಿಯರು ಹೊಳೆ ದಾಟುವರೆಂದು ಅವರ ಕಂಪನಿ ಅಲ್ಲಿ ಎರಡು ದಿನ ಬಾಂಬ್ ಹೂತಿತ್ತು. ಅಲ್ಲಿ ಗೋಪುರವಿಲ್ಲ, ಕಲ್ಲಿನ ಗೋಡೆಯಿಲ್ಲ. ದೋಣಿ ನಡೆಸುವ ಊ ಪೊ ಮ್ಯಾ ಎಂಬವನ ಮನೆಯ ಮೂಲೆಗಂಬ ಒಂದು ಮಾತ್ರ ತೇಗದ್ದು. ಅವನ ಅಜ್ಜ ನೆಟ್ಟದ್ದಂತೆ. ಅಳತೆಗಳೆಲ್ಲ ಆ ಕಂಬದಿಂದ.

"ಹುಳಿ ಬರಿಸಿದ ಚಹಾ ಎಲೆ ತಿನ್ನೋಕೆ ಕೊಟ್ಟ" ಎಂದರು ಗ್ಯಾರಡ್. "ನನ್ನನ್ನ ತಖಿನ್ ಅಂತಿದ್ದ, ದೊರೆ ಅಂತ ಅರ್ಥ. ದುಭಾಷಿ ಕೈಲಿ ಕೇಳಿಸ್ದ. 'ತಖಿನ್, ಇದು ನಮ್ಮ ಎಮ್ಮೆ ನೀರಿಗೆ ಇಳಿಯೋ ದಾರಿ. ಹೂತಿದ್ದನ್ನ ಯಾವಾಗ ಕೀಳ್ತೀರಿ?' ಅಂತ. ಮಳೆ ಮುಗಿದ ಮೇಲೆ ಅಂದೆ. 'ನೀವೇ ಬರ್ತೀರಾ, ಬೇರೆಯವ್ರನ್ನ ಕಳಿಸ್ತೀರಾ?' ಅಂದ. ನಾನೇ ಬರ್ತೀನಿ ಅಂದೆ."

"ಆಮೇಲೆ?"

"ಹಳ್ಳಿಯವ್ರು ಕಾಡಿಗೆ ಹೋದ್ರು. ಮೂರನೇ ಬೆಳಗ್ಗೆ ಆರ್ಡರ್ ಬಂತು. ಇಂಫಾಲಕ್ಕೆ ಹಿಂದೆ ಸರೀರಿ, ಶತ್ರುಗೆ ದೋಣಿನೂ ಸಿಗಬಾರ್ದು, ಮನೇನೂ ಸಿಗಬಾರ್ದು ಅಂತ. ಸುಟ್ವಿ. ಬಿದಿರಿನ ಮನೆಗಳು ಚಹಾ ಕಾಯೋಷ್ಟು ಹೊತ್ತೂ ಹಿಡೀಲಿಲ್ಲ. ಆ ಕಂಬ ಮಾತ್ರ ಮಧ್ಯಾಹ್ನದವರೆಗೂ ಉರೀತು. ನಾನು ನಿಂತು ನೋಡಿದೆ. ಆಮೇಲೆ ಈ ನಕ್ಷೇನೇ ಸಹಿ ಹಾಕಿ ಹೆಡ್‌ಕ್ವಾರ್ಟರ್ಸ್‌ಗೆ ಕೊಟ್ಟೆ."

ಮಳೆಗಾಲ ಮುಗಿದು ಸೈನ್ಯ ಮತ್ತೆ ಮುಂದೆ ಹೋದಾಗ ಅವರ ಕಂಪನಿ ತನ್‌ಬಿನ್‌ನಿಂದ ಇಪ್ಪತ್ತು ಮೈಲಿ ಆಚೆಯ ದಾರಿ ಹಿಡಿಯಿತು. ಎರಡು ದಿನ ರಜೆ ಕೇಳಿದರು. "ಅದು ಹಿಂದೆ ಇದೆ, ಗ್ಯಾರಡ್. ನಮ್ಮ ಕೆಲಸ ಮುಂದೆ ಇದೆ" ಎಂದ ಕರ್ನಲ್. ಸೇತುವೆ ಕಟ್ಟುತ್ತ ಕಟ್ಟುತ್ತ ಯುದ್ಧ ಮುಗಿಯಿತು. ಪ್ರತಿ ಜನವರಿಯಲ್ಲಿ ಅವರು ಆ ನಕ್ಷೆಯ ಪ್ರತಿಯನ್ನು ರಂಗೂನಿಗೆ, ಬರ್ಮಾದ ಸರ್ಕಾರಕ್ಕೆ ಕಳಿಸುತ್ತಿದ್ದರು. ಒಂದೇ ಒಂದು ಸಲ ಉತ್ತರ ಬಂದಿತ್ತು: ತಾವು ಹೇಳಿದ ಹೆಸರಿನ ಹಳ್ಳಿ ಈಗಿನ ಪಟ್ಟಿಯಲ್ಲಿ ಇಲ್ಲ.

"ವಾಲ್ಟರ್ ತನ್ನ ಗೂಡು ಉಳಿಸ್ಕೊಳ್ಳೋಕೆ ಎತ್ತಿಟ್ಟ" ಎಂದರು, ನಕ್ಷೆ ಮಡಿಸುತ್ತ. "ಅವನಿಗೆ ಗೊತ್ತೂ ಇರ್ಲಿಲ್ಲ. ನಾನು ಗೊತ್ತಿದ್ದೂ ಇನ್ನೊಬ್ಬನ ಮನೆ ಸುಟ್ಟೆ. ಯಾವ ಬಾಯಲ್ಲಿ ಅವನನ್ನ ಕೇಳ್ಲಿ, ಮೇಷ್ಟ್ರೇ?"

ನಾನು ಮನವಿಯಿಂದ ಹೆಸರು ತೆಗೆಸಲಿಲ್ಲ. ಆದರೆ ಅಂದಿನಿಂದ ಶನಿವಾರಗಳಂದು ಹಗ್ಗದ ಇನ್ನೊಂದು ತುದಿಯಲ್ಲಿ ನಿಂತೆ.

1953ರ ಜನವರಿಯ ಕೊನೆಗೆ ಕಡಲು ಊರೊಳಕ್ಕೆ ನುಗ್ಗಿತು. ತಗ್ಗಿನ ಬೀದಿಯ ಮನೆಗಳಲ್ಲಿ ಎದೆಮಟ್ಟ ನೀರು. ಅದು ಇಳಿದ ಮೇಲೆ ನೋಡಿದರೆ ತೀರದ ಉರುಟುಗಲ್ಲು ನಾಲ್ಕಡಿ ಆಳಕ್ಕೆ ಕೊಚ್ಚಿಹೋಗಿ ಕೆಳಗಿನ ಜೇಡಿಮಣ್ಣು ಕಾಣುತ್ತಿತ್ತು. ಏಳು ಮತ್ತು ಎಂಟನೇ ಅಲೆತಡೆಗಳ ನಡುವೆ, ಹಗ್ಗ ಕಟ್ಟುತ್ತಿದ್ದ ಗೂಟದಿಂದ ಹನ್ನೆರಡು ಅಡಿ ಒಳಗೆ, ತುಕ್ಕು ಹಿಡಿದ ಒಂದು ದುಂಡನೆಯ ಡಬ್ಬಿ ಕೂತಿತ್ತು.

ಸೈನ್ಯದವರು ಬಂದು ಅದನ್ನು ಅಲ್ಲೇ ಸಿಡಿಸಿದರು. ಕ್ಯಾಟರ್‌ಮೋಲ್ ಹೋಟೆಲ್ಲಿನ ಎದುರಿನ ಗಾಜೆಲ್ಲ ಉದುರಿತು.

"ಒಳಗಿನ ಮದ್ದು ಹೊಸದರ ಹಾಗೇ ಇತ್ತು ಸಾರ್" ಎಂದ ಸಾರ್ಜೆಂಟ್, ಗ್ಯಾರಡ್ ಅವರಿಗೆ ಸೆಲ್ಯೂಟ್ ಹೊಡೆದು. ಆ ಊರಿನಲ್ಲಿ ಏಳು ವರ್ಷಗಳಲ್ಲಿ ಅವರಿಗೆ ಸಿಕ್ಕ ಸೆಲ್ಯೂಟ್ ಅದೊಂದೇ.

ಕ್ಯಾಟರ್‌ಮೋಲ್ ಹಳೆಯ ಪತ್ರವನ್ನು ಹುಡುಕಿ ತಂದಿದ್ದ. "ನೋಡು, ಸಮುದ್ರ ತಾನಾಗೇ ತಂದುಕೊಡ್ತು. ನೀನು ಸುಮ್ನೆ ಒದ್ದಾಡಿದೆ. ಈಗಾದ್ರೂ ಸಹಿ ಹಾಕು ಮಾರಾಯ, ಫೈಲು ಮುಚ್ಚೋಣ."

ಗ್ಯಾರಡ್ ಸಹಿ ಹಾಕಿದರು. ಆಮೇಲೆ ಒಳಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಅಳತೆಯ ಚೀಟಿ ಎಂದುಕೊಂಡೆ. ಅಲ್ಲ, ತನ್‌ಬಿನ್‌ನ ನಕ್ಷೆ.

"ಇದಕ್ಕೂ ಯಾರಾದ್ರೂ ಸಹಿ ಕೇಳ್ತಾರಾ, ವಾಲ್ಟರ್?"

"ಏನದು?"

"ಬರ್ಮಾದ್ದು. ಇನ್ನೂರ ಹನ್ನೆರಡು."

ಕ್ಯಾಟರ್‌ಮೋಲ್ ಅವರ ಭುಜ ತಟ್ಟಿದ. "ಅದು ಬರ್ಮಾ, ಹ್ಯೂಬರ್ಟ್" ಎಂದು ಹೇಳಿ ಗಾಜಿನವನನ್ನು ಕರೆಯಲು ಹೋದ.

ಗ್ಯಾರಡ್ 1961ರಲ್ಲಿ ತೀರಿಕೊಂಡರು. ಊರಿನ ರೂಢಿಯಂತೆ ಕೌನ್ಸಿಲ್ ಅವರ ಹೆಸರಿನಲ್ಲಿ ಕಡಲಿಗೆ ಮುಖ ಮಾಡಿ ಒಂದು ಬೆಂಚು ಹಾಕಿಸಿತು. 'ನಮ್ಮ ತೀರವನ್ನು ಕಾಯ್ದವರು' ಎಂದು ಹಿತ್ತಾಳೆಯ ತಗಡು. ಹದಿನಾಲ್ಕನೇ ಗೂಡಿನ ಎದುರಿಗೇ ಜಾಗ ಕೊಟ್ಟವನು ಕ್ಯಾಟರ್‌ಮೋಲ್. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಇಪ್ಸ್‌ವಿಚ್‌ನಿಂದ ಬಂದ ವಿನಿಫ್ರೆಡ್ ಆ ತಗಡನ್ನು ಓದಿದಳು, ಕೂರಲಿಲ್ಲ.

"ಐದು ಬೇಸಿಗೆ ನಿಂತಿದ್ದ. ಆಗ ಯಾರೂ ಒಂದು ಸ್ಟೂಲೂ ಕೊಡ್ಲಿಲ್ಲ" ಎಂದಳು. "ನಾನೂ ಕೊಡ್ಲಿಲ್ಲ ಬಿಡಿ."

ತಗಡಿನ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು ಬಸ್ಸು ಹತ್ತಿದಳು. ಅದರಲ್ಲಿ ಆ ಚೀಟಿ ಇತ್ತು, ನಕ್ಷೆ ಇತ್ತು, ರಂಗೂನಿಗೆ ಬರೆದ ಹದಿನೈದು ಕಾಗದಗಳ ಪ್ರತಿಗಳಿದ್ದವು. ಎಲ್ಲವನ್ನೂ ಓದಿದೆ. ಹಳ್ಳಿಯ ಹೆಸರು, ಹೊಳೆಯ ತಿರುವು, ಬಾಂಬಿನ ಜಾತಿ, ಆಳ, ಎಲ್ಲ ಸರಿಯಾಗಿತ್ತು. ಒಂದು ವಿಷಯವನ್ನು ಮಾತ್ರ ಅವರು ಹದಿನೈದರಲ್ಲಿ ಒಂದರಲ್ಲೂ ಬರೆದಿರಲಿಲ್ಲ.

ಮುಂದಿನ ಜನವರಿಯಲ್ಲಿ ಹದಿನಾರನೆಯ ಪ್ರತಿಯನ್ನು ನಾನು ಕಳಿಸಿದೆ. ಅಂಚಿನಲ್ಲಿ ಒಂದು ಸಾಲು ಸೇರಿಸಿದೆ: ಅಳತೆ ಶುರುವಾಗುವ ಕಂಬವನ್ನು 1944ರ ಮಾರ್ಚ್‌ನಲ್ಲಿ ನಾವೇ ಸುಟ್ಟಿದ್ದೇವೆ, ಈ ನಕ್ಷೆ ನಂಬಿ ಯಾರೂ ಕಾಲಿಡಬಾರದು. ಕೆಳಗೆ, ಓದಲು ಬರುವ ಹಾಗೆ, ಸಹಿ ಹಾಕಿದೆ.