ಕಳೆ ಮಿಷನ್ ಹಿಂದೆ ನಡೆಯುವ ನಸೀಮಾ

ಬಾಗಲೂರಿನಾಚೆ ಬೆಳಗಿನ ಮಂಜು ಹೊಲದ ಮೇಲೆ ಇನ್ನೂ ಮಲಗಿದೆ. ಅದರೊಳಗಿಂದ ಹಸಿರು ದೀಪವೊಂದು ತೇಲಿಕೊಂಡು ಬರುತ್ತದೆ. ಅದರ ಹಿಂದೆ ತಲೆಗೆ ಟವಲ್ ಸುತ್ತಿಕೊಂಡ ಹೆಂಗಸಿನ ನೆರಳು. ಮೇಲೆಲ್ಲೋ ವಿಮಾನ ಇಳಿಯುವ ಸದ್ದು, ವಿಮಾನ ಕಾಣುವುದಿಲ್ಲ. ಕೆಳಗೆ ಕಳೆ ಮಿಷನ್ ದುಂಬಿಯಂತೆ ಗುಂಯ್‌ಗುಡುತ್ತಾ ಕೋಸಿನ ಸಾಲು ಹಿಡಿದು ನಡೆಯುತ್ತಿದೆ. ಅದರ ಕ್ಯಾಮೆರಾ ನೆಲ ನೋಡುತ್ತದೆ. ಸಸಿ ಬಂದಾಗ ಎರಡು ಅಲಗುಗಳು ಬಾಗಿಲಿನಂತೆ ತೆರೆಯುತ್ತವೆ. ದಾಟಿದೊಡನೆ ಮುಚ್ಚಿಕೊಂಡು ಮಣ್ಣು ಕೆರೆದು ಕಳೆ ಕೀಳುತ್ತವೆ. ನೋಡುತ್ತಾ ನಿಂತರೆ ನೆಲವೇ ನಿದ್ದೆಯಲ್ಲಿ ಉಸಿರಾಡಿದಂತಿದೆ.

ಹಿಂದೆ ನಡೆಯುತ್ತಿರುವವರು ನಸೀಮಾ. ಮಿಷನ್ ನಿಲ್ಲಿಸುವ ಕೆಂಪು ಗುಂಡಿ ಅವರ ಕೈಯಲ್ಲಿದೆ. ಯಂತ್ರ ತಾನೇ ಎಲ್ಲ ಮಾಡುತ್ತದೆ ಎಂದು ಕುರ್ಚಿಯಲ್ಲಿ ಕೂತು ಹೇಳುವವರು ಒಂದು ಬೆಳಗ್ಗೆ ಬಂದು ಈ ಕೆಸರು ತುಳಿಯಲಿ.

ಹೋದ ಬೆಳೆಯವರೆಗೆ ನಸೀಮಾ ಮತ್ತು ಜೊತೆಗಾತಿಯರು ಇಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಈಗ ಜೊತೆಗಾತಿಯರು ಬರುವುದು ಸಸಿ ನೆಡುವುದಕ್ಕೆ ಮಾತ್ರ. ಕಳೆ ಕೆಲಸಕ್ಕೆ ಉಳಿದವರು ನಸೀಮಾ ಒಬ್ಬರೇ. ಹೊಲದ ಯಜಮಾನ ಮುನಿಗಂಗಪ್ಪನವರದು ನೇರ ಮಾತು: "ಈ ಬೆಳೆ ನೋಡ್ತೀನಿ. ಸಸಿ ಕಡೀದಿದ್ರೆ ಮಿಷನ್ ಇಟ್ಕಂತೀನಿ. ಕಡುದ್ರೆ ಗಾಡಿಗೆ ಅತ್ತಿಸಿ ವಾಪಸ್. ಆಮ್ಯಾಕೆ ಎಂಗುಸ್ರನ್ನೇ ಕರೀತೀನಿ."

ಹಳೆಯ ಜೊತೆಗಾತಿ ಗಂಗರತ್ನಮ್ಮ ಬದುವಿನ ಮೇಲೆ ಬೆರಕೆ ಸೊಪ್ಪು ಆಯುತ್ತಿದ್ದಾರೆ. "ಏನಮ್ಮೀ ನಸೀಮಾ, ನಿನ್ ಮುದ್ದಿನ ಮಗ ಇವತ್ತೂ ಒಂದ್ ಸಸಿ ಕಡೀಲಿಲ್ವಾ?"

"ನಿನ್ ಕಣ್ಣು ಬೀಳ್ದಿದ್ರೆ ಕಡಿಯಲ್ಲ ಕಣಕ್ಕಾ!"

ಇಬ್ಬರೂ ನಗುತ್ತಾರೆ. ಆದರೆ ಸಾಲಿನ ನಡುವೆ ಬಂದಾಗ ಒಂದು ಅಲಗಿಗೆ ಒದ್ದೆ ಮಣ್ಣು ಮೆತ್ತಿಕೊಳ್ಳುತ್ತದೆ. ಅಲಗುಗಳ ಬಾಗಿಲು ಅರ್ಧವೇ ತೆರೆಯುತ್ತದೆ. ಮುಂದಿನ ಸಸಿ ಗೇಣು ದೂರದಲ್ಲಿದೆ. ಗಂಗರತ್ನಮ್ಮನಿಗೂ ಅದು ಕಂಡಿದೆ.

"ಬಿಟ್ಬಿಡೇ," ದನಿ ತಗ್ಗಿಸಿ ಹೇಳುತ್ತಾರೆ. "ಮಂಜಿತ್ತು, ಕಾಣ್ಲಿಲ್ಲ ಅಂದ್ಬಿಡು."

ಬಿಟ್ಟರೆ ಸಾಲು ಹೋಗುತ್ತದೆ. ಸಾಲಿನ ಜೊತೆ ಮಿಷನ್ನೂ ಹೋಗುತ್ತದೆ. ಜೊತೆಗಾತಿಯರೆಲ್ಲ ಹೊಲಕ್ಕೆ ಮರಳುತ್ತಾರೆ. ನಸೀಮಾ ಗುಂಡಿ ಒತ್ತುತ್ತಾರೆ. ಗುಂಯ್‌ಗುಟ್ಟುವಿಕೆ ನಿಂತು, ಮಂಜು ಕಿವಿಯೊಳಗೂ ತುಂಬಿಕೊಂಡಂತಾಗುತ್ತದೆ.

"ಸಿಟ್ಟಾ ಅಕ್ಕಾ?"

"ಇನ್ನೇನು, ಮುತ್ತು ಕೊಡ್ಲಾ?"

"ಈ ಸಾಲು ನೀನೇ ನೆಟ್ಟಿದ್ದು. ನಿನ್ ಸಸಿ ಕಡ್ಸಿ ನಿನ್ನನ್ನ ಕೆಲ್ಸಕ್ಕೆ ಕರ್ಸ್ಕೊಳ್ಲಾ?"

ಗಂಗರತ್ನಮ್ಮ ಸೊಪ್ಪಿನ ಗಂಟು ಬದುವಿನ ಮೇಲಿಟ್ಟು ಸಾಲಿಗೆ ಇಳಿಯುತ್ತಾರೆ. ಕಡ್ಡಿಯೊಂದನ್ನು ಹುಡುಕಿ, ಗೊಣಗುತ್ತಲೇ ಅಲಗಿನ ಮಣ್ಣು ಕೆರೆಯುತ್ತಾರೆ. "ಥೂ, ಇಷ್ಟ್ ದೊಡ್ಡವನಾದ್ರೂ ಮೈ ತೊಳ್ಕೊಳ್ಳಾಕ್ ಬರಲ್ಲ ನಿನ್ ಮಗಂಗೆ."

ಮಿಷನ್ ಮತ್ತೆ ಹೊರಡುತ್ತದೆ. ಈಗ ಅದರ ಹಿಂದೆ ಎರಡು ನೆರಳು. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ನಸೀಮಾ ಅಲಗಿನಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಮುನಿಗಂಗಪ್ಪಣ್ಣಂಗೆ ಇವತ್ತೇ ಕೇಳ್ತೀನಿ, ಇದರ ಹಿಂದೆ ಇಬ್ರು ಬೇಕು ಅಂತ. ಗುಂಡಿಗೊಬ್ಳು, ಅಲಗಿಗೊಬ್ಳು. ಮಿಷನ್ ಕೆಲ್ಸ ಮಾಡುತ್ತೆ ಕಣ್ರೀ, ಜೊತೇಲಿ ಮಾತಾಡಲ್ಲ."