ಕಾಣದ ಬೆಳ್ಳಿ

ವರ್ತಕ ನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಉಡುಪಿ ಕಡೆಯ ಆಂಟಿ ಯಾವ ಹೊಸ ವಸ್ತು ಕಂಡರೂ, "ಇದ್ರೊಳಗೆ ಎಂತ ಉಂಟು?" ಎಂದು ಕೇಳದೆ ಬಿಡುತ್ತಿರಲಿಲ್ಲ. ಒಮ್ಮೆ ಕಲಬುರಗಿ ಕಡೆಯ ಸೇಲ್ಸ್‌ಮನ್ ಒಬ್ಬ ಬಂದು, ಅವರ ಸೋಫಾದ ಮೇಲೆ ಕ್ರಿಮಿ ಕೊಲ್ಲುವ ಸ್ಪ್ರೇ ಹೊಡೆದು, ತಾನೇ ಕೆಮ್ಮಿದ.

"ನ್ಯಾನೋ ಬೆಳ್ಳಿ ಐತ್ರಿ ಆಂಟಿ. ಭಾಳ ಸಣ್ಣ ಕಣ, ಕಣ್ಣಿಗಿ ಕಾಣಂಗಿಲ್ಲ."

"ಉಸಿರಿನೊಟ್ಟಿಗೆ ಒಳಗೆ ಹೋದ್ರೆ ಎಂತ ಆಗ್ತದೆ?"

"ಅದನ್ನ ಕಂಪನಿಯವ್ರು ಹೇಳಿಲ್ರಿ."

"ಮತ್ತೆ ದಿನವಿಡೀ ಮೂಗಿಗೆ ಎಳ್ಕೊಳ್ತೀಯಲ್ಲ ಮಾರಾಯ!"

ಆಂಟಿ ಕಿಟಕಿಗಳನ್ನೆಲ್ಲ ತೆರೆದು, ಅವನಿಗೆ ಮಜ್ಜಿಗೆ ಕುಡಿಸಿ, ಗಂಡನ ದೊಡ್ಡ ಕರವಸ್ತ್ರವನ್ನು ಅವನ ಮೂಗು, ಬಾಯಿ ಮುಚ್ಚುವಂತೆ ಕಟ್ಟಿಯೇ ಕಳಿಸಿದರು. ಅವನು ಹಾಗೆಯೇ ನಮ್ಮ ಬೆಲ್ ಒತ್ತಿ, "ಏಕದಂ ಸೇಫ್ ಐತ್ರಿ" ಎಂದ. ಅಮ್ಮ ಅವನ ಮುಖ ನೋಡಿ, ನಗು ತಡೆದುಕೊಂಡು ಬಾಗಿಲು ಹಾಕಿದಳು. ಇಡೀ ಬಿಲ್ಡಿಂಗ್ ಸುತ್ತಿದರೂ ಅವನ ಒಂದು ಬಾಟಲಿಯೂ ಮಾರಾಟವಾಗಲಿಲ್ಲ. ಆದರೂ ಅವನು ಕರವಸ್ತ್ರ ಬಿಚ್ಚಲಿಲ್ಲ.