ಸಿಸ್ಟರ್ ಕಾರು ಘಾಟಿ ಇಳಿದದ್ದು

ಕಾದ ಎಂಜಿನ್ ಮೇಲೆ ಕೂಲೆಂಟ್ ತೊಟ್ಟಿಕ್ಕಿದರೆ ಒಂದು ಸಿಹಿ ವಾಸನೆ ಬರುತ್ತದೆ. ಬೆಲ್ಲದ ಪಾಕ ತಳ ಹಿಡಿದ ಹಾಗೆ. ಹೋದ ವಾರ ಬೀರೂರಿನ ಗಾಡಿಯೊಂದರ ಬಾನೆಟ್ ಎತ್ತಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಪಾನಾ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಗಾಡಿಯ ಯಜಮಾನ ಏನಾಯ್ತು ಮೇಸ್ತ್ರಿ ಅಂದ. ಏನಿಲ್ಲ ಅಂದೆ. ಸಿಸ್ಟರ್ ನೆನಪಾಗಿದ್ದರು.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದು, ರಿಟೈರ್ ಆದ ಮೇಲೆ ಅಜ್ಜಂಪುರದಲ್ಲಿ ಒಬ್ಬರೇ ಇದ್ದರು. ಮದುವೆ ಆಗಿರಲಿಲ್ಲ. ನನ್ನ ದೊಡ್ಡ ಮಗಳು ಹುಟ್ಟಿದ್ದು ಅವರ ಕೈಯಲ್ಲೇ. ಹೆರಿಗೆ ವಾರ್ಡಿನಲ್ಲಿ ಕಲಿತ, ನಮ್ಮ ಮನೆಮಾತಾದ ದಖ್ಖನಿಯಲ್ಲಿ ನನ್ನ ಹೆಂಡತಿಯನ್ನು ಬೈದು ಬೈದು ಹೆರಿಗೆ ಮಾಡಿಸಿದ್ದರಂತೆ. ಅವರ ಬಿಳಿ ಕಾರಿಗೆ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಮೀಟರಿನಲ್ಲಿ ಎರಡು ಲಕ್ಷದ ಎಂಬತ್ತು ಸಾವಿರ ಕಿಲೋಮೀಟರ್ ಇತ್ತು. ಏನೇ ಕೆಲಸವಿದ್ದರೂ ತರೀಕೆರೆಗೆ, ನನ್ನ ಗ್ಯಾರೇಜಿಗೇ ಓಡಿಸಿಕೊಂಡು ಬರುತ್ತಿದ್ದರು.

ಆದರೆ ಘಾಟಿಗೆ ಹೊರಟ ಸಲ ಅವರಿಗಿಂತ ಮೊದಲು ಬಂದದ್ದು ಅವರ ತಮ್ಮ. ಅಜ್ಜಂಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಹಣೆತುಂಬ ವಿಭೂತಿ, ಮೆತ್ತನೆಯ ಮಾತು.

"ನೋಡಿ ಮೇಸ್ತ್ರಿ, ಅಕ್ಕ ಈ ಕಾರಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಅಂಕೋಲಾ ಕಡೆ ಸಮುದ್ರಕ್ಕೆ ಹೋಗ್ತೀನಿ ಅಂತಿದಾಳೆ. ಅವಳಿಗೆ ಅರವತ್ತಾರು. ನಾವು ಹೇಳಿದ್ರೆ ಕೇಳಲ್ಲ. ಗಾಡಿ ಅಷ್ಟು ದೂರ ಹೋಗಲ್ಲ ಅಂತ ನೀವು ಹೇಳ್ಬಿಡಿ, ಸಾಕು."

ಕೆಟ್ಟ ಮನುಷ್ಯರಲ್ಲ ಅವರು. ಅಕ್ಕನಿಗೆ ಏನಾದರೂ ಆದೀತು ಅನ್ನುವ ಭಯಕ್ಕೆ ಹೇಳಿದ್ದು. ನಾನೂ ತಲೆ ಆಡಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಸೋಮವಾರ ಸಿಸ್ಟರ್ ಬಂದರು. ನಾನು ಬಾನೆಟ್ ಎತ್ತಿದೆ. ಆ ಸಿಹಿ ವಾಸನೆ ಬಂತು. ಎಲ್ಲೋ ಸೋರುತ್ತಿದೆ ಅಂತ ಗೊತ್ತಾಯಿತು, ಆದರೆ ಎಲ್ಲಿ ಅಂತ ಹುಡುಕುವ ಗೋಜಿಗೂ ಹೋಗಲಿಲ್ಲ.

"ಆಗಲ್ಲ ಸಿಸ್ಟರ್. ಅಷ್ಟು ದೂರಕ್ಕೆ ಈ ಗಾಡಿ ಬೇಡ."

"ಏನಾಗಿದೆ?"

"ವಯಸ್ಸಾಯ್ತಲ್ಲ... ಒಟ್ಟಾರೆ ಕಂಡೀಷನ್ ಸರಿಯಿಲ್ಲ."

"ಒಟ್ಟಾರೆ ಅಂತ ಒಂದು ಪಾರ್ಟ್ ಇದ್ಯೇನಪ್ಪಾ? ಎಲ್ಲಿದೆ, ತೋರ್ಸು."

ನಾನು ಬಾನೆಟ್ ಇಳಿಸಲು ಕೈ ಹಾಕಿದೆ.

"ವಯಸ್ಸಾಯ್ತು ಅನ್ನೋದು ಕಾಯಿಲೆ ಅಲ್ಲ ಕಣಪ್ಪಾ. ನಾವು ಬಿಪಿ ನೋಡ್ತಿದ್ವಿ, ಶುಗರ್ ನೋಡ್ತಿದ್ವಿ, ಆಮೇಲೆ ಬಾಯಿ ಬಿಡ್ತಿದ್ವಿ. ನೀನು ಮುಟ್ಟೂ ನೋಡ್ದೆ ಹೇಳ್ತಿದೀಯ. ನನ್ ತಮ್ಮ ಬಂದಿದ್ನಾ?"

ಸುಳ್ಳು ಹೇಳಲಾಗಲಿಲ್ಲ. "ಬಂದಿದ್ರು" ಅಂದೆ.

ಅವರು ರೇಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ವಿಷಯ ಏನು ಅಂತ ಹೇಳಿದರು. ಅವರ ಜೊತೆ ನರ್ಸಿಂಗ್ ಟ್ರೈನಿಂಗ್ ಮಾಡಿದ ಗೆಳತಿ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆಗೆ ಒಂದು ಕಾಲು ತೆಗೆದಿದ್ದರು. ಎರಡು ವರ್ಷದಿಂದ ಆಸ್ಪತ್ರೆ ಬಿಟ್ಟರೆ ಬೇರೆಲ್ಲಿಗೂ ಹೊರಟಿರಲಿಲ್ಲ. ಸಮುದ್ರ ನೋಡಬೇಕು ಅನ್ನುವ ಆಸೆ ಮಾತ್ರ ಬಿಟ್ಟಿರಲಿಲ್ಲ.

"ಬಾಡಿಗೆ ಕಾರು ಮಾಡ್ಕೊಂಡು ಹೋಗ್ಬಹುದಲ್ಲ ಸಿಸ್ಟರ್?"

"ದಾರೀಲಿ ಬಟ್ಟೆ ಒದ್ದೆ ಮಾಡ್ಕೊಂಡ್ರೆ? ಗೊತ್ತಿಲ್ಲದ ಡ್ರೈವರ್ ಮುಂದೆ ಅವಳು ಸತ್ತೇ ಹೋಗ್ತಾಳೆ ನಾಚಿಕೇಲಿ. ಅದಕ್ಕೇ ಮನೆ ಬಿಡಲ್ಲ ಅಂತ ಕೂತಿರೋದು. ನನ್ನ ಕಾರಾದ್ರೆ ಬತ್ತೀನಿ ಅಂದಿದಾಳೆ. ನಾನು ಎಂಥೆಂಥಾದ್ದು ಒರೆಸಿಲ್ಲ?"

ನಾನು ಹೋಗಿ ಕೈ ತೊಳೆದುಕೊಂಡು ಬಂದೆ. "ಎರಡು ದಿನ ಗಾಡಿ ಇಲ್ಲೇ ಇರ್ಲಿ" ಅಂದೆ.

ಈ ಸಲ ನಿಜವಾಗಿ ನೋಡಿದೆ. ರೇಡಿಯೇಟರಿನ ಕೆಳಗಿನ ಹೋಸ್ ಉಬ್ಬಿ ಸೋರುತ್ತಿತ್ತು. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಹಾಗೆ ಕಪ್ಪಗಿತ್ತು. ಹಿಂದಿನ ಚಕ್ರಗಳ ಬ್ರೇಕ್ ಲೈನಿಂಗ್ ಸವೆದಿತ್ತು. ಟೈರುಗಳು ಮೇಲಿಂದ ಚೆನ್ನಾಗಿ ಕಂಡರೂ ಪಕ್ಕದಲ್ಲಿ ಸೀಳು ಬಿಟ್ಟಿದ್ದವು. ಆದರೆ ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆ ಮಾಡಿದರೆ ನಾಲ್ಕೂ ಸಿಲಿಂಡರಿನ ಕಸುವು ಒಂದೇ ಸಮ, ಹೊಸ ಗಾಡಿಯ ಹಾಗೆ! ನಂಬಿಕೆ ಬರದೆ ಇನ್ನೊಮ್ಮೆ ನೋಡಿದೆ. ಆ ಹೆಂಗಸು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆಯಿಲ್ ಬದಲಾಯಿಸುವುದನ್ನು ತಪ್ಪಿಸಿರಲಿಲ್ಲ. ಗಾಡಿ ಎಷ್ಟು ಓಡಿದೆ ಅನ್ನುವುದನ್ನು ಮೀಟರ್ ಹೇಳುತ್ತದೆ, ಹೇಗೆ ಓಡಿಸಿದರು ಅನ್ನುವುದನ್ನು ಹೇಳುವುದಿಲ್ಲ. ಮೀಟರ್ ನೋಡಿ ಮೂಗು ಮುರಿಯುವವರ ಜೊತೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ಕೆಟ್ಟದ್ದನ್ನೆಲ್ಲ ಬದಲಾಯಿಸಿದೆ. ಆದರೂ ಒಂದು ಅನುಮಾನ ಉಳಿದಿತ್ತು. ಹುಬ್ಬಳ್ಳಿವರೆಗೆ ಬಯಲು ರಸ್ತೆ, ಚಿಂತೆಯಿಲ್ಲ. ಯಲ್ಲಾಪುರ ದಾಟಿದ ಮೇಲೆ ಘಾಟಿ ಇಳಿಯಬೇಕು. ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಗಾಡಿ ಅದನ್ನು ತಾಳುತ್ತದೋ ಇಲ್ಲವೋ ಹೇಳಲಿಕ್ಕಾಗುವುದಿಲ್ಲ.

"ನಾಳೆ ಕೆಮ್ಮಣ್ಣುಗುಂಡಿ ಹತ್ತಿಸಿ ಇಳಿಸೋಣ ಸಿಸ್ಟರ್. ನೀವೇ ಓಡಿಸ್ಬೇಕು."

"ಟೆಸ್ಟು ಕಾರಿಗೋ, ನನಗೋ?"

"ಇಬ್ರಿಗೂ" ಅಂದೆ. ನಕ್ಕುಬಿಟ್ಟರು.

ಲಿಂಗದಹಳ್ಳಿ ದಾಟಿ ಏರು ಶುರುವಾದಾಗ ನನ್ನ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೆಯೇ ಇತ್ತು. ಅರ್ಧಕ್ಕೆ ಬಂತು, ಅಲ್ಲೇ ನಿಂತಿತು. ಎರಡನೇ ಗೇರಿಗೆ ಹಾಕಿ ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಹಾಕಿ ಆಗಿರುತ್ತಿತ್ತು. ಮೇಲೆ ತಲುಪಿ, ಮಂಜಿನಲ್ಲಿ ನಿಂತು ಅವರು ತಂದಿದ್ದ ಚಪಾತಿ ತಿಂದೆವು. ಇಳಿಯುವಾಗ ಮೂರನೇ ತಿರುವಿನಲ್ಲಿ ಹೇಳದೆ ಕೇಳದೆ ಜೋರಾಗಿ ಬ್ರೇಕ್ ತುಳಿದರು. ಗಾಡಿ ನೆಟ್ಟಗೆ ನಿಂತಿತು. ನಾನು ಮಾತ್ರ ಮುಂದಕ್ಕೆ ಮುಗ್ಗರಿಸಿದೆ.

ಕೆಳಗೆ ಬಂದು ನಾಲ್ಕೂ ಚಕ್ರ ಮುಟ್ಟಿ ನೋಡಿದೆ. ಮುಂದಿನ ಎಡಗಡೆಯದು ಕೈ ಸುಡುತ್ತಿತ್ತು. ಪೆಡಲ್ ಬಿಟ್ಟ ಮೇಲೂ ಒಳಗೆ ಬ್ರೇಕ್ ಹಿಡಿದುಕೊಂಡೇ ಇತ್ತು. ಬಯಲಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಆ ದೊಡ್ಡ ಘಾಟಿಯಲ್ಲಿ ಬ್ರೇಕ್ ಕಾದು ಕಾದು ಕೊನೆಗೆ ಹಿಡಿಯದೇ ಹೋಗಿದ್ದರೆ? ಅವರಿಗೂ ಅದನ್ನೇ ಹೇಳಿದೆ.

"ನೋಡು, ಈಗ ನೀನು ಡಾಕ್ಟ್ರ ಹಾಗೆ ಮಾತಾಡ್ತಿದೀಯ" ಅಂದರು.

ಆ ಭಾಗ ಬಿಚ್ಚಿ, ಬೇರೆಯದು ಹಾಕಿ, ಮತ್ತೆ ಘಾಟಿ ಹತ್ತಿಸಿ ಇಳಿಸಿದೆವು. ನಾಲ್ಕೂ ಚಕ್ರ ಒಂದೇ ಸಮ ಬೆಚ್ಚಗಿದ್ದವು. ಹೋಗಬಹುದು ಅಂದೆ. ಸುದ್ದಿ ಕೇಳಿ ಅವರ ತಮ್ಮನೇ ಗ್ಯಾರೇಜಿಗೆ ಬಂದರು. ಆ ಮೆತ್ತನೆಯ ಮಾತು ಇರಲಿಲ್ಲ.

"ಏನಾದ್ರೂ ಆದ್ರೆ ನೀವೇ ಜವಾಬ್ದಾರಿ!"

"ಗಾಡಿಗೆ ಏನಾದ್ರೂ ಆದ್ರೆ ನಾನೇ ಕಣ್ರೀ. ಬೇಕಾದ್ರೆ ಬರೆದುಕೊಡ್ತೀನಿ."

ಬರೆಸಿಕೊಳ್ಳಲಿಲ್ಲ, ಹೊರಟುಹೋದರು. ಸಿಸ್ಟರ್ ಮಾರನೆಯ ದಿನ ಬೆಳಿಗ್ಗೆ ಹೊರಟರು. ಮೂರು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ಮಧ್ಯಾಹ್ನ ಯಾವುದೋ ನಂಬರಿನಿಂದ ಫೋನ್ ಬಂತು. ಗೆಳತಿಯ ಫೋನಿನಿಂದ ಸಿಸ್ಟರ್ ಮಾತಾಡುತ್ತಿದ್ದರು. ಹಿಂದೆ ಅಲೆಗಳ ಮೊರೆತ.

"ಬ್ರೇಕ್ ಏನೂ ಮಾಡ್ಲಿಲ್ಲ ಕಣಪ್ಪಾ. ಹಾರನ್ ಕೈಕೊಡ್ತು! ನೀನು ಅದೊಂದನ್ನ ನೋಡಿರ್ಲಿಲ್ಲ. ಘಾಟಿ ಪೂರ್ತಿ ಇವಳು ಕಿಟಕಿಯಿಂದ ತಲೆ ಹಾಕಿ ಕೂಗಿದ್ಲು, ಸರೀರಿಯಪ್ಪೋ, ಬರಾಕತ್ತೇವೀ ಅಂತ."

ಹಿಂದಿನಿಂದ ಇನ್ನೊಂದು ಹೆಂಗಸಿನ ನಗು ಕೇಳಿಸಿತು. ಕೆಮ್ಮು ಬರುವವರೆಗೂ ನಗುತ್ತಿದ್ದರು.

ಮುಂದಿನ ವರ್ಷ ಇಬ್ಬರೂ ಬಿಜಾಪುರಕ್ಕೆ ಹೋಗುವುದು ಅಂತ ತೀರ್ಮಾನವಾಗಿತ್ತು. ಕಾರನ್ನು ಮತ್ತೆ ತಂದರು, ಮತ್ತೆ ನೋಡಿದೆ. ಹಾರನ್ನನ್ನೇ ಮೊದಲು ನೋಡಿದೆ. ಎಲ್ಲ ಸರಿಯಿತ್ತು. ಹೊರಡಲು ನಾಲ್ಕು ದಿನ ಇತ್ತು. ಬೆಳಿಗ್ಗೆ ಸಿಸ್ಟರ್ ಎದೆನೋವು ಅಂದರಂತೆ... ಮಧ್ಯಾಹ್ನಕ್ಕೆ ಇರಲಿಲ್ಲ. ಕಾರು ಓಡಿಸಿ ಓಡಿಸಿ ಹೀಗಾಯಿತು ಅಂತ ಅವರ ತಮ್ಮ ಈಗಲೂ ಅಂಗಡಿಯಲ್ಲಿ ಹೇಳುತ್ತಾರಂತೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಅವರು ಬಂದು ಕೇಳಿದರೂ ನಾನು ಅದೇ ಹೇಳುತ್ತೇನೆ: ಗಾಡಿ ಹೋಗುವಂತಿತ್ತು, ಹೋಗಬಹುದು ಅಂದೆ.

ಸಿಸ್ಟರ್ ಮಣ್ಣಾಗಿ ಒಂದು ವಾರಕ್ಕೆ ಹುಬ್ಬಳ್ಳಿಯಿಂದ ಫೋನ್ ಬಂತು. ಗೆಳತಿಗೆ ಯಾರೂ ತಿಳಿಸಿರಲಿಲ್ಲ.

"ಮೇಸ್ತ್ರಿ ಏನ್ರಿ? ಆಕಿ ಬರತೇನಂದಿದ್ಲು, ಫೋನೂ ಎತ್ತವಲ್ಲಳು. ಗಾಡಿ ಏನರ ಕೆಟ್ಟೈತೇನ್ರಿ?"

ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ.

"ಗಾಡಿ ಸರಿಯಾಗಿದೆ ಅಮ್ಮಾ" ಅಂದೆ.

ಅಷ್ಟರಲ್ಲೇ ಅವರಿಗೆ ಅರ್ಥವಾಯಿತು. ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.

ಆಮೇಲಿನಿಂದ ಆ ಅಮ್ಮ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಈ ತಿಂಗಳೂ ಮಾಡಿದ್ದರು. ಅವರನ್ನು ನಾನು ನೋಡಿಲ್ಲ, ಅವರು ನನ್ನನ್ನು ನೋಡಿಲ್ಲ. ಅವರು ಹುಬ್ಬಳ್ಳಿಯಲ್ಲಿ, ನಾನು ತರೀಕೆರೆಯಲ್ಲಿ. ನಡುವಿನ ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದವರು ಇಲ್ಲ.